ಅಮ್ಮನ ಕೋಣೆಯ ಗುಂಡಿ, ಅಡುಗೆಮನೆಯ ದೀಪ: ಪೈಥಾನ್ ಕಲಿಕೆಯ ಐದು ವಾರಗಳ ದಾಖಲೆ

ತುಮಕೂರಿನ ನಮ್ಮ ಮನೆಯಲ್ಲಿ ಅಮ್ಮನ ಕೋಣೆ ಹಿಂಭಾಗದಲ್ಲಿದೆ, ಅಡುಗೆಮನೆ ಮುಂಭಾಗದಲ್ಲಿದೆ. ಮಂಡಿ ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮ ಏನಾದರೂ ಬೇಕಾದಾಗ ದೇವರ ಮನೆಯ ಹಿತ್ತಾಳೆ ಗಂಟೆಯನ್ನು ಬಾರಿಸುತ್ತಿದ್ದರು. ಮಿಕ್ಸಿ ತಿರುಗುತ್ತಿರುವಾಗಲೋ ಕುಕ್ಕರ್ ಕೂಗುತ್ತಿರುವಾಗಲೋ ಆ ಶಬ್ದ ಯಾರಿಗೂ ಕೇಳಿಸುತ್ತಿರಲಿಲ್ಲ. ಜೋರಾದ ಕರೆಗಂಟೆ ಹಾಕಿಸೋಣವೆಂದರೆ ಪಕ್ಕದ ಕೋಣೆಯಲ್ಲಿ ಎಂಟು ತಿಂಗಳ ಮಗು ಮಲಗಿರುತ್ತದೆ. ಹಾಗಾಗಿ ಶಬ್ದದ ಬದಲು ಬೆಳಕು ಆಗಬಹುದೆಂದು ತೋಚಿತು. ಅಮ್ಮ ಮಂಚದ ಪಕ್ಕದ ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ಕೆಂಪು ಎಲ್‌ಇಡಿ ಮಿನುಗಬೇಕು, ಅಷ್ಟೇ. ಲೆಕ್ಕಪತ್ರದ ಕೆಲಸದಲ್ಲಿ ಎಕ್ಸೆಲ್ ಕಡತಗಳನ್ನು ಹೊಂದಿಸಲು ಎರಡು ವರ್ಷಗಳಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸುತ್ತಿದ್ದೇನೆ. ಆದರೆ ತಂತಿ, ವೋಲ್ಟೇಜು, ವಿದ್ಯುತ್ ಹರಿವನ್ನು ಮಿತಿಗೊಳಿಸುವ ರೆಸಿಸ್ಟರ್‌ಗಳ ಪರಿಚಯ ಪಿಯುಸಿಯ ಪ್ರಯೋಗಶಾಲೆಗೇ ನಿಂತಿತ್ತು. ಈ ಪುಟ್ಟ ಕೆಲಸಕ್ಕೆ ಐದು ವಾರ ಹಿಡಿಯಿತು. ಮುಂದೆ ಇದನ್ನು ಮಾಡುವವರಿಗೆ ಉಪಯೋಗವಾಗಲೆಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲ ವಾರ: ದೀಪ ಮಾತ್ರ

ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಒಂದು ಕೆಲಸವಿಲ್ಲದೆ ಬಿದ್ದಿತ್ತು. ಬೆಂಗಳೂರಿಗೆ ಹೋದಾಗ ಎಸ್‌.ಪಿ. ರಸ್ತೆಯಲ್ಲಿ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ರಂಧ್ರಗಳ ಹಲಗೆ), ಜಂಪರ್ ವೈರುಗಳು, ನಾಲ್ಕು ಕಾಲಿನ ಪುಷ್ ಬಟನ್‌ಗಳು, 330 ಓಮ್ ರೆಸಿಸ್ಟರ್‌ಗಳು ಮತ್ತು ಕೆಲವು ಎಲ್‌ಇಡಿಗಳನ್ನು ತಂದೆ. ಮಲ್ಟಿಮೀಟರ್ ಬೇಡವೆಂದುಕೊಂಡಿದ್ದವನು ಕೊನೆಯ ಗಳಿಗೆಯಲ್ಲಿ ಅದನ್ನೂ ಕೊಂಡೆ; ಇಡೀ ಯೋಜನೆಯಲ್ಲಿ ಅದಕ್ಕಿಂತ ಹೆಚ್ಚು ನೆರವಾದ ವಸ್ತು ಇನ್ನೊಂದಿಲ್ಲ.

ಪೈ ಮೇಲೆ ಎರಡು ಸಾಲುಗಳಲ್ಲಿ 40 ಪಿನ್‌ಗಳಿವೆ. ಕೆಲವು 5 ವೋಲ್ಟ್, ಕೆಲವು 3.3 ವೋಲ್ಟ್, ಕೆಲವು ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್. ಉಳಿದವುಗಳಲ್ಲಿ ಬಹುಪಾಲು ನಾವು ಪ್ರೋಗ್ರಾಂ ಮೂಲಕ ಆಳಬಹುದಾದ ಜಿಪಿಐಒ ಪಿನ್‌ಗಳು. ಇವು 3.3 ವೋಲ್ಟ್‌ಗೆ ಮಾತ್ರ ಒಗ್ಗಿದವು, ತಪ್ಪಿ 5 ವೋಲ್ಟ್ ತಗುಲಿದರೆ ಚಿಪ್ ಸುಡಬಹುದು. ಆದ್ದರಿಂದ ಪೈ ಆಫ್ ಮಾಡದೆ ಒಂದು ತಂತಿಯನ್ನೂ ಮುಟ್ಟುವುದಿಲ್ಲವೆಂಬ ನಿಯಮವನ್ನು ಮೊದಲ ದಿನವೇ ಹಾಕಿಕೊಂಡೆ.

ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿಯುವ 1.3 ವೋಲ್ಟ್ ಅನ್ನು 330 ಓಮ್‌ನಿಂದ ಭಾಗಿಸಿದರೆ ಸುಮಾರು 4 ಮಿಲಿಆಂಪಿಯರ್. ಕಣ್ಣಿಗೆ ಚೆನ್ನಾಗಿ ಕಾಣಲು ಅಷ್ಟು ಸಾಕು, ಪಿನ್‌ಗೂ ಹೊರೆಯಲ್ಲ. ನೀಲಿ ಎಲ್‌ಇಡಿಯನ್ನೂ ಹಾಕಿ ನೋಡಿದೆ; ಅದಕ್ಕೇ ಸುಮಾರು 3 ವೋಲ್ಟ್ ಬೇಕಾಗುವುದರಿಂದ ರೆಸಿಸ್ಟರ್ ಪಾಲಿಗೆ ಹೆಚ್ಚೇನೂ ಉಳಿಯದೆ ದೀಪ ಮಂಕಾಗಿ ಉರಿಯಿತು. ಎಚ್ಚರಿಕೆಯ ದೀಪ ಕೆಂಪಾಗಿರುವುದೇ ಸರಿಯೆಂದು ಅಲ್ಲಿಗೆ ತೀರ್ಮಾನವಾಯಿತು.

ಪೈಥಾನ್‌ನಲ್ಲಿ ಬೆನ್ ನಟಾಲ್ ಮತ್ತು ಡೇವ್ ಜೋನ್ಸ್ ಬೆಳೆಸಿದ ಜಿಪಿಐಒ ಝೀರೋ ಲೈಬ್ರರಿಯನ್ನು, ಅಂದರೆ ಈ ಪಿನ್‌ಗಳನ್ನು ಆಳಲು ಮೊದಲೇ ಬರೆದಿಟ್ಟ ಪ್ರೋಗ್ರಾಂಗಳ ಕಟ್ಟನ್ನು, ಆರಿಸಿಕೊಂಡೆ. ಮೊದಲ ಸಂಜೆ ದೀಪ ಉರಿಯಲಿಲ್ಲ. ತಂತಿಯನ್ನು 11ನೆಯ ಪಿನ್‌ಗೆ ಹಾಕಿ, ಪ್ರೋಗ್ರಾಂನಲ್ಲೂ 11 ಎಂದೇ ಬರೆದಿದ್ದೆ. ಆದರೆ ಈ ಲೈಬ್ರರಿ ಬರಿಯ ಸಂಖ್ಯೆಯನ್ನು ಪಿನ್ ನಿಂತಿರುವ ಜಾಗವೆಂದು ಓದುವುದಿಲ್ಲ, ಚಿಪ್ ತಯಾರಕರು ಕೊಟ್ಟ ಸಂಖ್ಯೆಯೆಂದು ಓದುತ್ತದೆ. ಎಣಿಕೆಯಲ್ಲಿ 11ನೆಯದಾದ ಪಿನ್‌ನ ಹೆಸರು ಜಿಪಿಐಒ 17. ಜಿಪಿಐಒ 11 ಇರುವುದು 23ನೆಯ ಪಿನ್‌ನಲ್ಲಿ. 17 ಎಂದು ತಿದ್ದಿದ ಕೂಡಲೇ ದೀಪ ಹತ್ತಿತು. ಎರಡು ವರ್ಷ ಪರದೆಯ ಮೇಲೆ ಅಕ್ಷರಗಳನ್ನಷ್ಟೇ ಮೂಡಿಸಿದ್ದ ಭಾಷೆ ಮೇಜಿನ ಮೇಲೆ ಬೆಳಕು ತಂದದ್ದನ್ನು ನೋಡಿ ಆದ ಸಂತೋಷವನ್ನು ಇಲ್ಲಿ ದಾಖಲಿಸಲೇಬೇಕು. ಹೆಂಡತಿಯನ್ನೂ ಅಮ್ಮನನ್ನೂ ಕರೆದು ತೋರಿಸಿದೆ.

ಎರಡನೆಯ ವಾರ: ಗುಂಡಿಯ ನಾಲ್ಕು ಕಾಲುಗಳು

ದೀಪ ಉರಿಸುವುದು ಯಂತ್ರಕ್ಕೆ ಹೇಳುವ ಕೆಲಸ; ಗುಂಡಿಯನ್ನು ಓದುವುದು ಯಂತ್ರ ಕೇಳಿಸಿಕೊಳ್ಳುವ ಕೆಲಸ. ಎರಡನೆಯದು ಇಷ್ಟು ಸೂಕ್ಷ್ಮವೆಂದು ನಾನು ಎಣಿಸಿರಲಿಲ್ಲ.

ಗುಂಡಿಯನ್ನು ಬ್ರೆಡ್‌ಬೋರ್ಡಿನ ನಡುಗಾಲುವೆಯ ಮೇಲೆ ಕೂರಿಸಿ, ಕಾಲುವೆಯ ಆಚೆಯ ಕಾಲಿಗೆ ಜಿಪಿಐಒ 27ರ ತಂತಿಯನ್ನೂ ಅದಕ್ಕೆ ನೇರ ಎದುರಿನ ಕಾಲಿಗೆ ಗ್ರೌಂಡ್ ತಂತಿಯನ್ನೂ ಕೊಟ್ಟೆ. ಗುಂಡಿಯನ್ನು ಯಾರೂ ಮುಟ್ಟದಿದ್ದರೂ ಪ್ರೋಗ್ರಾಂ ಒತ್ತಿದೆ, ಒತ್ತಿದೆ ಎಂದೇ ಹೇಳುತ್ತಿತ್ತು. ಒಂದು ಗಂಟೆ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದ ಮೇಲೆ ಮಲ್ಟಿಮೀಟರನ್ನು ಬೀಪ್ ಶಬ್ದ ಬರುವ ಸ್ಥಾನಕ್ಕೆ ತಿರುಗಿಸಿ ಕಾಲುಗಳನ್ನು ಎರಡೆರಡಾಗಿ ಮುಟ್ಟಿಸುತ್ತ ಹೋದೆ. ಆಗ ತಿಳಿಯಿತು: ನಾಲ್ಕು ಕಾಲುಗಳಲ್ಲಿ ಎದುರು ಬದುರಾದ ಎರಡೆರಡು ಒಳಗೇ ಸದಾ ಕೂಡಿಕೊಂಡಿರುತ್ತವೆ, ಗುಂಡಿ ಒತ್ತಿದಾಗ ಕೂಡುವುದು ಆ ಎರಡು ಜೋಡಿಗಳು. ಓರೆಯಾಗಿ, ಅಂದರೆ ಮೂಲೆಯಿಂದ ಮೂಲೆಗೆ ಇರುವ ಎರಡು ಕಾಲುಗಳನ್ನು ಬಳಸಿದರೆ ಗುಂಡಿಯನ್ನು ಹೇಗೆ ತಿರುಗಿಸಿ ಇಟ್ಟರೂ ತಪ್ಪಾಗುವುದಿಲ್ಲ. ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ.

ಗುಂಡಿ ಸರಿಯಾದ ಮೇಲೆ ಲೈಬ್ರರಿ ತಾನಾಗಿ ಏನು ಮಾಡಿಕೊಡುತ್ತಿದೆ ಎಂದು ತಿಳಿಯುವ ಆಸೆಯಾಯಿತು. ಅದು ಮಾಡುವ ಒಂದು ಏರ್ಪಾಡನ್ನು ಬೇಕೆಂದೇ ತೆಗೆದುಹಾಕಿ, ಗುಂಡಿಯ ಒಂದು ಕಾಲನ್ನು 3.3 ವೋಲ್ಟ್‌ಗೂ ಇನ್ನೊಂದನ್ನು ಜಿಪಿಐಒ ಪಿನ್‌ಗೂ ಕೊಟ್ಟು, ಬೇರೇನನ್ನೂ ಜೋಡಿಸದೆ ನೋಡಿದೆ. ಗುಂಡಿ ಒತ್ತಿದರೆ ದೀಪ ಹತ್ತಿತು. ಬಿಟ್ಟರೆ ಆರಲಿಲ್ಲ, ಕೆಲವೊಮ್ಮೆ ಆರಿತು, ಕೆಲವೊಮ್ಮೆ ಮಿಣುಕಿತು. ತಂತಿಯ ಹತ್ತಿರ ಅಂಗೈ ತಂದರೆ, ಮುಟ್ಟದೆಯೇ, ದೀಪ ನಡುಗತೊಡಗಿತು. ಕೈ ಹಿಂದೆಗೆದರೆ ನಿಂತಿತು. ಈ ಪ್ರಯೋಗವನ್ನು ಪ್ರತಿಯೊಬ್ಬ ಕಲಿಯುವವರೂ ಒಮ್ಮೆ ಮಾಡಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಗುಂಡಿ ಬಿಟ್ಟಾಗ ಆ ಪಿನ್ ಎತ್ತಲೂ ಸೇರಿರುವುದಿಲ್ಲ, ಅಂದರೆ ಅದು ಸೊನ್ನೆಯೂ ಅಲ್ಲ, ಒಂದೂ ಅಲ್ಲ. ಸುತ್ತಲಿನ ವಿದ್ಯುತ್ತಿನ ಅಲೆಗಳನ್ನು ಹಿಡಿಯುವ ಆಂಟೆನಾದಂತೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಯಂತ್ರ ಓದುವುದು ನಮ್ಮ ಬೆರಳನ್ನಲ್ಲ, ಪಿನ್ ಮೇಲಿನ ವೋಲ್ಟೇಜನ್ನು. ಗುಂಡಿ ಒತ್ತದಿರುವಾಗಲೂ ಅಲ್ಲೊಂದು ಖಚಿತವಾದ ವೋಲ್ಟೇಜು ಇರಲೇಬೇಕು.

ಆ ಏರ್ಪಾಡಿನ ಹೆಸರು ಪುಲ್‌ಅಪ್. ಚಿಪ್‌ನೊಳಗೇ ಇರುವ ಸುಮಾರು 50 ಕಿಲೋಓಮ್ ರೆಸಿಸ್ಟರ್ ಒಂದು ಪಿನ್ ಅನ್ನು ಮೆಲ್ಲಗೆ 3.3 ವೋಲ್ಟ್ ಕಡೆಗೆ ಎಳೆದು ಹಿಡಿದಿರುತ್ತದೆ. ಗುಂಡಿ ಒತ್ತಿದಾಗ ಪಿನ್ ನೇರವಾಗಿ ಗ್ರೌಂಡ್‌ಗೆ ಸೇರಿ ಸೊನ್ನೆಯಾಗುತ್ತದೆ. ಅಂದರೆ ಬಿಟ್ಟಾಗ ಒಂದು, ಒತ್ತಿದಾಗ ಸೊನ್ನೆ. ಜಿಪಿಐಒ ಝೀರೋ ಈ ತಲೆಕೆಳಗನ್ನು ತಾನೇ ಸರಿಪಡಿಸಿ, ಒತ್ತಿದೆಯೇ ಎಂದು ಕೇಳಿದರೆ ಹೌದು ಎನ್ನುತ್ತದೆ. ಅದು ಅನುಕೂಲವೇ, ಆದರೆ ಒಳಗಿನದನ್ನು ಕಣ್ಣಾರೆ ಕಂಡಿರದಿದ್ದರೆ ನಾಲ್ಕನೆಯ ವಾರದ ತೊಂದರೆ ನನಗೆ ಬಿಡಿಸಲಾಗದ ಒಗಟಾಗುತ್ತಿತ್ತು.

ಮೂರನೆಯ ವಾರ: ಒಂದು ಒತ್ತು, ಹಲವು ಎಣಿಕೆ

ಮೊದಲು ಬರೆದ ಪ್ರೋಗ್ರಾಂ ಒಂದು ಕೊನೆಯಿಲ್ಲದ ಲೂಪ್. ಗುಂಡಿ ಒತ್ತಿದೆಯೇ ಎಂದು ಮತ್ತೆ ಮತ್ತೆ ಕೇಳುವುದು, ಹೌದಾದರೆ ದೀಪ ಹಚ್ಚುವುದು, ಇಲ್ಲವಾದರೆ ಆರಿಸುವುದು. ಕೆಲಸ ಮಾಡಿತು, ಆದರೆ ನಡುವೆ ವಿರಾಮವೇ ಇಲ್ಲದ್ದರಿಂದ ಪ್ರೊಸೆಸರಿನ ನಾಲ್ಕು ಕೋರ್‌ಗಳಲ್ಲಿ ಒಂದನ್ನು ಪೂರ್ತಿ ಇದೇ ನುಂಗಿತ್ತು. ಪ್ರತಿ ಸುತ್ತಿಗೆ ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಸ್ಲೀಪ್ ಸೇರಿಸಿದಾಗ ಹೊರೆ ಇಳಿಯಿತು, ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಅನಂತರ ಲೂಪ್ ಬಿಟ್ಟು, ಗುಂಡಿ ಒತ್ತಿದಾಗ ಈ ಫಂಕ್ಷನ್ (ಹೆಸರಿಟ್ಟ ಪ್ರೋಗ್ರಾಂ ತುಣುಕು) ನಡೆಸು ಎಂದು ಮೊದಲೇ ಹೇಳಿಡುವ ಕ್ರಮಕ್ಕೆ ಬದಲಾಯಿಸಿದೆ. ಇಲ್ಲಿ ಒಂದು ಜೊತೆ ಆವರಣ ಚಿಹ್ನೆ ಒಂದು ಸಂಜೆಯನ್ನು ತೆಗೆದುಕೊಂಡಿತು. ಫಂಕ್ಷನ್ ಹೆಸರಿನ ಮುಂದೆ ಅಭ್ಯಾಸಬಲದಿಂದ ಆವರಣ ಚಿಹ್ನೆ ಹಾಕಿದ್ದೆ. ಹಾಗೆ ಬರೆದರೆ ಪೈಥಾನ್ ಆ ಸಾಲಿಗೆ ಬಂದ ಕ್ಷಣವೇ ಫಂಕ್ಷನ್ ಅನ್ನು ನಡೆಸಿಬಿಡುತ್ತದೆ; ಗುಂಡಿಗೆ ಏನೂ ಉಳಿಯುವುದಿಲ್ಲ. ದೀಪ ಪ್ರೋಗ್ರಾಂ ಆರಂಭವಾದೊಡನೆ ಹತ್ತಿ, ಆಮೇಲೆ ಎಷ್ಟು ಒತ್ತಿದರೂ ಸುಮ್ಮನಿರುತ್ತಿತ್ತು. ಆವರಣ ತೆಗೆದು ಬರಿಯ ಹೆಸರನ್ನು ಕೊಟ್ಟಾಗ ಸರಿಹೋಯಿತು. ಕೊನೆಯಲ್ಲಿ ಪ್ರೋಗ್ರಾಂ ಮುಗಿದುಹೋಗದಂತೆ ತಡೆದು ನಿಲ್ಲಿಸುವ ಪಾಝ್ (pause) ಎಂಬ ಸಾಲನ್ನು ಸೇರಿಸುವುದನ್ನೂ ಮರೆಯಬಾರದು.

ಈಗ ಒಂದು ಒತ್ತಿಗೆ ಹತ್ತಿ, ಮತ್ತೊಂದು ಒತ್ತಿಗೆ ಆರುವಂತೆ ಟಾಗಲ್ ಬಳಸಿದೆ. ಕೆಲವು ಸಲ ಒತ್ತಿದರೂ ದೀಪ ಹತ್ತಲಿಲ್ಲ, ಅಥವಾ ಹತ್ತಿದ ಕೂಡಲೇ ಆರಿತು. ಎಷ್ಟು ಸಲ ಎಣಿಕೆಯಾಗುತ್ತಿದೆ ಎಂದು ತಿಳಿಯಲು ದೀಪವನ್ನು ಬದಿಗಿಟ್ಟು, ಒತ್ತುಗಳನ್ನು ಎಣಿಸಿ ಪರದೆಯ ಮೇಲೆ ತೋರಿಸುವ ಪುಟ್ಟ ಪ್ರೋಗ್ರಾಂ ಬರೆದೆ. ನಿಧಾನವಾಗಿ, ಬಾಯಲ್ಲಿ ಎಣಿಸುತ್ತ 20 ಸಲ ಒತ್ತಿದೆ. ಪರದೆಯಲ್ಲಿ 27 ಎಂದಿತ್ತು. ಗುಂಡಿಯೊಳಗಿನ ಲೋಹದ ತಗಡು ಇನ್ನೊಂದಕ್ಕೆ ತಾಗುವಾಗ ನೆಲಕ್ಕೆ ಬಿದ್ದ ಗೋಲಿಯಂತೆ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತದೆ. ನಮಗೆ ಅದು ಒಂದೇ ಒತ್ತು; ಸೆಕೆಂಡಿಗೆ ಸಾವಿರಾರು ಸಲ ನೋಡಬಲ್ಲ ಯಂತ್ರಕ್ಕೆ ಪ್ರತಿ ಪುಟಿತವೂ ಹೊಸ ಒತ್ತು. ಬೌನ್ಸ್ ಟೈಮ್ ಎಂಬ ಮೌಲ್ಯವನ್ನು 0.05 ಸೆಕೆಂಡ್ ಎಂದು ಕೊಟ್ಟು ಮತ್ತೆ 20 ಸಲ ಒತ್ತಿದೆ. 20 ಎಂದೇ ಬಂತು. ಇನ್ನೆರಡು ಸಲ ಪರೀಕ್ಷಿಸಿದೆ, ಎರಡೂ ಸಲ 20.

ನಾಲ್ಕನೆಯ ವಾರ: ಅಮ್ಮನ ಕೈಗೆ

ಬ್ರೆಡ್‌ಬೋರ್ಡಿನ ಗುಂಡಿ ಬಹಳ ಚಿಕ್ಕದು. ಅಮ್ಮನ ಬೆರಳಿಗೆ ಒಗ್ಗುವ, ರೂಪಾಯಿ ನಾಣ್ಯಕ್ಕಿಂತ ಅಗಲವಾದ ಗುಂಡಿಯನ್ನು ಒಂದು ಸಣ್ಣ ಮರದ ಪೆಟ್ಟಿಗೆಗೆ ಕೂರಿಸಿ, ಆರು ಮೀಟರ್ ತಂತಿಯನ್ನು ಗೋಡೆಯಂಚಿನಲ್ಲಿ ಎಳೆದು ಅಡುಗೆಮನೆಯ ಕಪಾಟಿನಲ್ಲಿಟ್ಟ ಪೈಗೆ ಸೇರಿಸಿದೆ. ಮೊದಲ ದಿನವೇ ಎರಡು ದೋಷಗಳು ಎದುರಾದವು.

ಒಂದನೆಯದು, ಯಾರೂ ಒತ್ತದೆಯೇ ದೀಪ ಹತ್ತುತ್ತಿತ್ತು. ಗಮನಿಸಿ ನೋಡಿದಾಗ ಸಂಪಿನ ಮೋಟರ್ ಹಾಕಿದಾಗ ಅಥವಾ ನಿಲ್ಲಿಸಿದಾಗ ಹಾಗಾಗುತ್ತಿತ್ತು. ಅಂಗೈ ತಂದಾಗ ನಡುಗಿದ ದೀಪ ನೆನಪಾಯಿತು. ಮೇಜಿನ ಮೇಲಿನ ಗೇಣುದ್ದದ ತಂತಿಗೆ ಸಾಲುತ್ತಿದ್ದ ಒಳಗಿನ 50 ಕಿಲೋಓಮ್ ಪುಲ್‌ಅಪ್ ಆರು ಮೀಟರ್ ತಂತಿಗೆ ತೀರ ದುರ್ಬಲ. ಹೊರಗಿನಿಂದ 4.7 ಕಿಲೋಓಮ್ ರೆಸಿಸ್ಟರನ್ನು 3.3 ವೋಲ್ಟ್ ಮತ್ತು ಪಿನ್ ನಡುವೆ ಹಾಕಿದೆ. ಪಿನ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ಚಿಕ್ಕ ಮಿಡಿತಗಳನ್ನು ಅಲ್ಲೇ ಹೀರಿಕೊಳ್ಳುವಂತೆ ಮಾಡಿದೆ. ಮೋಟರನ್ನು ಹತ್ತು ಸಲ ಹಾಕಿ ತೆಗೆದು ನೋಡಿದೆವು. ದೀಪ ಅಲುಗಲಿಲ್ಲ.

ಎರಡನೆಯದು ಪ್ರೋಗ್ರಾಂ ಬರೆಯುವ ಮುನ್ನವೇ ನಾನು ಯೋಚಿಸಬೇಕಾಗಿದ್ದ ವಿಷಯ. ಮಧ್ಯಾಹ್ನ ಅಮ್ಮ, "ಎರಡು ಸಲ ಒತ್ತಿದೆ ಕಣೋ, ಯಾರೂ ಬರಲೇ ಇಲ್ಲ" ಎಂದರು. ಮೊದಲ ಒತ್ತಿಗೆ ದೀಪ ಹತ್ತಿದೆ. ಅಮ್ಮನಿಗೆ ಅದು ಕಾಣುವುದಿಲ್ಲ. ಒತ್ತಿದ್ದು ಸರಿಯಾಗಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದ್ದಾರೆ, ಟಾಗಲ್ ದೀಪವನ್ನು ಆರಿಸಿದೆ. ಪ್ರೋಗ್ರಾಂನಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅದರ ಅರ್ಥವೇ ತಪ್ಪಾಗಿತ್ತು. ಕರೆಯುವವರು ಎಷ್ಟು ಸಲ ಒತ್ತಿದರೂ ಅದು ಕರೆಯೇ ಆಗಿರಬೇಕು. ಕರೆ ಕೇಳಿಸಿತು ಎಂದು ಹೇಳಬೇಕಾದವರು ಅಡುಗೆಮನೆಯಲ್ಲಿರುವವರು. ಆ ರಾತ್ರಿಯೇ ಟಾಗಲ್ ತೆಗೆದುಹಾಕಿದೆ. ಅಮ್ಮನ ಗುಂಡಿ ದೀಪವನ್ನು ಅರ್ಧರ್ಧ ಸೆಕೆಂಡಿಗೆ ಮಿನುಗಿಸಲು ಆರಂಭಿಸುತ್ತದೆ, ಆರಿಸುವುದಿಲ್ಲ. ಅಡುಗೆಮನೆಯಲ್ಲಿಟ್ಟ ಎರಡನೆಯ ಗುಂಡಿ ಆರಿಸುತ್ತದೆ, ಹಚ್ಚುವುದಿಲ್ಲ. ಅಮ್ಮನ ಪೆಟ್ಟಿಗೆಯಲ್ಲೂ ಒಂದು ಪುಟ್ಟ ಹಸಿರು ಎಲ್‌ಇಡಿ ಸೇರಿಸಿದೆ: ಒತ್ತಿದೊಡನೆ ಅದು ಮಿನುಗುತ್ತದೆ, ಅಡುಗೆಮನೆಯಲ್ಲಿ ಗುಂಡಿ ಒತ್ತಿದಾಗ ಐದು ಸೆಕೆಂಡ್ ಸ್ಥಿರವಾಗಿ ಉರಿದು ಆರುತ್ತದೆ. ಮಿನುಗಿದರೆ ಕರೆ ತಲುಪಿದೆ, ನಿಂತು ಉರಿದರೆ ಯಾರೋ ಬರುತ್ತಿದ್ದಾರೆ. ಇದನ್ನು ಅಮ್ಮನಿಗೆ ಒಂದೇ ಸಲ ಹೇಳಿದೆ, ಮತ್ತೆ ಹೇಳುವ ಅಗತ್ಯ ಬರಲಿಲ್ಲ.

ಐದನೆಯ ವಾರ: ಕರೆಂಟ್ ಬಂದಾಗ

ಪೈ ಆನ್ ಆದಾಗ ಪ್ರೋಗ್ರಾಂ ತಾನಾಗಿ ಆರಂಭವಾಗುವಂತೆ, ಹಿನ್ನೆಲೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಸೇವೆಯಾಗಿ ಜೋಡಿಸಿದ್ದೇನೆ; ಕಾರಣಾಂತರದಿಂದ ನಿಂತುಹೋದರೆ ಮತ್ತೆ ಆರಂಭಿಸುವಂತೆಯೂ ಬರೆದಿದ್ದೇನೆ. ಕರೆಂಟ್ ಹೋಗಿ ಬಂದಾಗ ಪೈ ಸಿದ್ಧವಾಗಲು ಅರ್ಧ ನಿಮಿಷದಷ್ಟು ಬೇಕು, ಆ ಅವಧಿಯಲ್ಲಿ ಒತ್ತಿದ್ದು ಎಲ್ಲೂ ದಾಖಲಾಗುವುದಿಲ್ಲ. ಆದ್ದರಿಂದ ಪ್ರೋಗ್ರಾಂ ಆರಂಭವಾದೊಡನೆ ಅಮ್ಮನ ಪೆಟ್ಟಿಗೆಯ ಹಸಿರು ದೀಪ ಮೂರು ಸಲ ಮಿನುಗುತ್ತದೆ. ಅದು ಕಂಡ ಮೇಲೆ ಒತ್ತಿದರಾಯಿತು. ಕರೆಂಟ್ ಇಲ್ಲದ ಹೊತ್ತಿಗೆ ಪೈಗೆ ಬ್ಯಾಟರಿಯ ಆಸರೆ ಕೊಡುವ ಕೆಲಸ ಇನ್ನೂ ಬಾಕಿಯಿದೆ. ಅದು ಮುಗಿಯುವವರೆಗೆ ಹಿತ್ತಾಳೆ ಗಂಟೆ ಅಮ್ಮನ ದಿಂಬಿನ ಪಕ್ಕದಲ್ಲೇ ಇರುತ್ತದೆ.