ಇ-ರೀಡರ್ ತಗೊಂಡ್ರೆ ದುಡ್ಡು ಉಳಿಯುತ್ತಾ?

ಕಿಂಡಲ್ (ಅಮೆಜಾನ್‌ನ ಇ-ರೀಡರ್, ಅಂದ್ರೆ ಇ-ಬುಕ್ ಓದೋಕೇ ಅಂತ ಮಾಡಿರೋ ಸಾಧನ) ತಗೊಳ್ಳೋದಾ ಬೇಡ್ವಾ ಅಂತ ಯಾರಾದ್ರೂ ಕೇಳಿದ್ರೆ ನಾನು ವಾಪಸ್ ಕೇಳೋದು ಒಂದೇ, ನೀವು ಜಾಸ್ತಿ ಓದೋದು ಕನ್ನಡನಾ ಇಂಗ್ಲಿಷಾ?

2025ರ ಏಪ್ರಿಲ್‌ನಲ್ಲಿ ಕಿಂಡಲ್‌ನ ಹೊಸ ಪೇಪರ್‌ವೈಟ್ ಮಾಡೆಲ್ ಇಂಡಿಯಾಗೆ ಬಂದಾಗ ಅದರ ರೇಟು 16,999 ರೂಪಾಯಿ. ಏಳಿಂಚಿನ ಸ್ಕ್ರೀನು, ಬಿಸಿಲಲ್ಲಿ ಕೂತ್ರೂ ಅಕ್ಷರ ಸ್ಪಷ್ಟ, ಚಾರ್ಜು ವಾರಗಟ್ಲೆ ಬರುತ್ತೆ, ಎಲ್ಲ ಸರಿ. ಆದ್ರೆ ಸಾಧಾರಣ ಗಾತ್ರದ ಕನ್ನಡ ಕಾದಂಬರಿ ಇನ್ನೂರು ಇನ್ನೂರೈವತ್ತಕ್ಕೆಲ್ಲ ಸಿಗುತ್ತಲ್ಲ, ಇ-ಬುಕ್ಕಲ್ಲಿ ನೂರು ರೂಪಾಯಿ ಉಳೀತು ಅಂತಾನೇ ಇಟ್ಕೊಳ್ಳಿ, ಹಾಕಿದ ದುಡ್ಡು ಹುಟ್ಟೋಕೆ 170 ಪುಸ್ತಕ ಓದ್ಬೇಕು, ಅದೂ ನಮಗೆ ಬೇಕಾದ ಪುಸ್ತಕ ಅಲ್ಲಿದ್ರೆ! 2016ರ ಕೊನೇಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂತು, ಆ ಪಟ್ಟೀಲಿ ಕನ್ನಡ ಇರ್ಲಿಲ್ಲ. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಥರದ ಆ್ಯಪಲ್ಲಿ ಕನ್ನಡ ಇ-ಬುಕ್ ಸಿಗುತ್ತೆ ನಿಜ, ಆದ್ರೆ ಅವನ್ನ ಕೈಲಿರೋ ಫೋನಲ್ಲೇ ಓದ್ಬೋದಲ್ಲ, ಅದಕ್ಕೆ ಇನ್ನೊಂದು ಡಬ್ಬ ಯಾಕೆ?

ಆರ್ಕೈವ್ ಡಾಟ್ ಆರ್ಗ್‌ನಲ್ಲಿರೋ ಹಳೇ ಕನ್ನಡ ಪುಸ್ತಕಗಳನ್ನ ಪುಕ್ಕಟೆ ಓದ್ಬೋದು ಅಂತ ಆಸೆ ಪಡೋರು ಸ್ವಲ್ಪ ತಡೀರಿ. ಅವೆಲ್ಲ ಸ್ಕ್ಯಾನ್ ಮಾಡಿದ ಪಿಡಿಎಫ್ಫು, ಫಾಂಟ್ ದೊಡ್ಡದು ಮಾಡೋಕಾಗಲ್ಲ, ಪುಟ ಪೂರ್ತಿ ಏಳಿಂಚಲ್ಲಿ ಕೂತಾಗ ಒತ್ತಕ್ಷರ ಯಾವ್ದು ಮಸಿ ಯಾವ್ದು ಗೊತ್ತಾಗಲ್ಲ, ಝೂಮ್ ಮಾಡಿದ್ರೆ ರೀಡರ್‌ನ ಇ-ಇಂಕ್ (ಕಾಗದದ ಹಾಗೆ ಕಾಣೋ) ಸ್ಕ್ರೀನು ಯೋಚನೆ ಮಾಡಿ ಮಾಡಿ ತೋರಿಸುತ್ತೆ.

ಟ್ಯಾಕ್ಸ್ ಕಥೆ ಇನ್ನೂ ಮಜಾ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ. ಕಾಗದ, ಪ್ರೆಸ್ಸು, ಲಾರಿ ಯಾವ್ದೂ ಇಲ್ಲದ ಇ-ಬುಕ್‌ಗೆ 2017ರಲ್ಲಿ 18 ಪರ್ಸೆಂಟು! ಮುಂದಿನ ವರ್ಷ ಜುಲೈನಲ್ಲಿ 5ಕ್ಕೆ ಇಳಿಸಿದ್ರು, ಅದೂ ಅಚ್ಚಿನ ಪ್ರತಿ ಇರೋ ಪುಸ್ತಕಕ್ಕೆ ಮಾತ್ರ.

ಇಂಗ್ಲಿಷ್ ಓದೋರಿಗೆ ಲೆಕ್ಕ ಪೂರ್ತಿ ಉಲ್ಟಾ. ಹೊರಗಿಂದ ಬರೋ ದಪ್ಪ ಹಾರ್ಡ್‌ಕವರ್ ಸಾವಿರದ ಮೇಲಿರುತ್ತೆ, ಇ-ಬುಕ್ ಸೇಲಲ್ಲಿ ಎಷ್ಟೋ ಕಮ್ಮಿಗೆ ಬಂದ್ಬಿಡುತ್ತೆ, ಕಾಪಿರೈಟ್ ಮುಗಿದಿರೋ ಹಳೇ ಕ್ಲಾಸಿಕ್‌ಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟಲ್ಲಿ ಫ್ರೀ, 2022ರಿಂದ ಇಪಬ್ (ಇ-ಬುಕ್‌ಗಳ ಸಾಮಾನ್ಯ ಫಾರ್ಮ್ಯಾಟ್) ಫೈಲನ್ನೂ ಕಿಂಡಲ್‌ಗೆ ಕಳಿಸ್ಕೋಬೋದು. ಆದ್ರೂ ಇ-ಬುಕ್ಕನ್ನ ಓದಿ ಮುಗಿಸಿ ಚರ್ಚ್ ಸ್ಟ್ರೀಟ್‌ನ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಮಾರೋಕಾಗಲ್ಲ, ಅತ್ತಿಗೆಗೆ ಓದೋಕೆ ಕೊಡೋಕೂ ಆಗಲ್ಲ.

ಹಂಗಾಗಿ ನಾನು ಇಂಗ್ಲಿಷನ್ನ ಇ-ರೀಡರಲ್ಲಿ ಓದ್ತೀನಿ, ಕನ್ನಡ ಅಚ್ಚಲ್ಲೇ ತಗೋತೀನಿ, ಅದೂ ನವೆಂಬರಲ್ಲಿ ಪುಸ್ತಕ ಪ್ರಾಧಿಕಾರದವರು ಅರ್ಧ ರೇಟಿಗೆ ಕೊಡುವಾಗ ಚೀಲ ಹಿಡ್ಕೊಂಡು ಹೋಗ್ಬಿಟ್ರೆ ಮುಗೀತು. ಇಡೋಕೆ ಜಾಗ ಎಲ್ಲಿ ಅಂತ ಮನೇಲಿ ಕೇಳ್ತಾರೆ, ಆ ಹದಿನೇಳು ಸಾವಿರಕ್ಕೆ ಒಳ್ಳೇ ಮರದ ಬೀರೂನೇ ಬರುತ್ತೆ ಅಂತೀನಿ.