ಪಕ್ಷದ ಪಟ್ಟಿ ಸಾಲದು, ಬೂತಿನ ರಿಜಿಸ್ಟರ್ ಬೇಕು: ಜಿಲ್ಲಾ ಚುನಾವಣಾ ಡೆಸ್ಕಿನ ಕೆಲಸದ ಪಾಠ

ಹಾವೇರಿ ಜಿಲ್ಲೆಯ ಹಿರೇಕೆರೂರು ವಿಧಾನಸಭಾ ಕ್ಷೇತ್ರದ ಮೂರು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2018ರಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರು ಬಿಜೆಪಿಯ ಯು.ಬಿ. ಬಣಕಾರರನ್ನು 555 ಮತಗಳಿಂದ ಸೋಲಿಸಿದರು. 2019ರ ಉಪಚುನಾವಣೆಯಲ್ಲಿ ಅದೇ ಪಾಟೀಲರು ಬಿಜೆಪಿಯಿಂದ ನಿಂತು 29 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. 2023ರಲ್ಲಿ ಬಣಕಾರರು ಕಾಂಗ್ರೆಸ್ಸಿನ ಹುರಿಯಾಳಾಗಿ ಬಂದು ಪಾಟೀಲರನ್ನು ಸೋಲಿಸಿದರು. ಪಕ್ಷದ ಕಾಲಂ ಮಾತ್ರ ಓದಿದರೆ ‘ಎರಡೂ ಸಾರ್ವತ್ರಿಕ ಚುನಾವಣೆಯಲ್ಲಿ ಕಾಂಗ್ರೆಸ್, ಹಿಡಿತ ಗಟ್ಟಿ’ ಎಂದು ಬರೆದುಬಿಡಬಹುದು. ಹೆಸರಿನ ಕಾಲಂ ಓದಿದರೆ ಇಬ್ಬರೂ ಪಕ್ಷ ಅದಲುಬದಲು ಮಾಡಿಕೊಂಡಿದ್ದು ಕಾಣುತ್ತದೆ. ಬಣಕಾರರು 2013ರಲ್ಲಿ ಗೆದ್ದಿದ್ದಂತೂ ಯಡಿಯೂರಪ್ಪನವರ ಕೆಜೆಪಿಯಿಂದ (ಕರ್ನಾಟಕ ಜನತಾ ಪಕ್ಷ).

ಈಗಿನ ವಿಧಾನಸಭೆಯ ಅವಧಿ 2028ರ ಮೇವರೆಗೆ. ಹುಬ್ಬಳ್ಳಿ, ಗದಗ, ಹಾವೇರಿ ಡೆಸ್ಕುಗಳಲ್ಲಿ ಕೂರುವ ಹೊಸ ವರದಿಗಾರರು ‘ಗಾಳಿ ಯಾರ ಕಡೆ ಐತ್ರಿ?’ ಎಂದು ಕೇಳುತ್ತ ಕಟ್ಟೆಯಿಂದ ಕಟ್ಟೆಗೆ ಅಲೆಯುವ ಮೊದಲು ಮಾಡಿಟ್ಟುಕೊಳ್ಳಬೇಕಾದ ಕೆಲಸ ಬೇರೆ ಇದೆ: ಎಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬುದರ ಒಂದು ರಿಜಿಸ್ಟರ್. 1985ರ ನಂತರ ಈ ರಾಜ್ಯದಲ್ಲಿ ಯಾವ ಆಡಳಿತ ಪಕ್ಷವೂ ಮತ್ತೆ ಬಹುಮತದೊಂದಿಗೆ ಮರಳಿಲ್ಲ. ಹಾವೇರಿ ಜಿಲ್ಲೆಯ ಆರು ಸ್ಥಾನಗಳ ಲೆಕ್ಕವನ್ನೇ ತೆಗೆದುಕೊಳ್ಳಿ. 2013ರಲ್ಲಿ ಕಾಂಗ್ರೆಸ್ಸಿಗೆ ನಾಲ್ಕು, 2018ರಲ್ಲಿ ಬಿಜೆಪಿಗೆ ನಾಲ್ಕು, 2023ರಲ್ಲಿ ಕಾಂಗ್ರೆಸ್ಸಿಗೆ ಐದು. ಉಳಿದಿದ್ದ ಶಿಗ್ಗಾವಿಯೂ 2024ರ ನವೆಂಬರಿನ ಉಪಚುನಾವಣೆಯಲ್ಲಿ 13,448 ಮತಗಳ ಅಂತರದಲ್ಲಿ ಕಾಂಗ್ರೆಸ್ಸಿನ ಕೈ ಸೇರಿತು. ಇಷ್ಟೆಲ್ಲ ಉರುಳಾಟವಾದರೂ ರಾಜ್ಯಮಟ್ಟದಲ್ಲಿ ಬಿಜೆಪಿಯ ಮತಪಾಲು 2018ರಲ್ಲೂ 2023ರಲ್ಲೂ ಶೇ 36ರ ಆಸುಪಾಸಿನಲ್ಲೇ ಇತ್ತು. ಸ್ಥಾನ ಮಾತ್ರ 104ರಿಂದ 66ಕ್ಕೆ ಇಳಿಯಿತು. ರಾಜ್ಯದ ಶೇಕಡಾವಾರು ಹಿಡಿದುಕೊಂಡು ಒಂದು ಕ್ಷೇತ್ರದ ಭವಿಷ್ಯ ಬರೆಯುವುದು ಸುಮ್ಮನೆ ಕಾಗದ ಖರ್ಚು.

ಕೆಲಸ ಶುರುವಾಗುವುದು ಫಾರ್ಮ್ 20ರಿಂದ. ಇದು ಕ್ಷೇತ್ರದ ಅಂತಿಮ ಫಲಿತಾಂಶ ಪಟ್ಟಿ. ಒಂದೊಂದು ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು, ನೋಟಾಕ್ಕೆ ಎಷ್ಟು ಎಂಬುದು ಇದರಲ್ಲಿರುತ್ತದೆ, ಅಂಚೆ ಮತಗಳು ಕೊನೆಗೆ ಬರುತ್ತವೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ತೊಡಕು ಏನೆಂದರೆ ಫಾರ್ಮ್ 20ರಲ್ಲಿ ಮತಗಟ್ಟೆಯ ಕ್ರಮಸಂಖ್ಯೆ ಮಾತ್ರ ಇರುತ್ತದೆ, ಊರಿನ ಹೆಸರು ಇರುವುದಿಲ್ಲ. ಅದಕ್ಕೆ ಅದೇ ಚುನಾವಣೆಯ ಮತಗಟ್ಟೆ ಪಟ್ಟಿಯನ್ನು ಜತೆಗಿಟ್ಟುಕೊಳ್ಳಬೇಕು. ‘ಅದೇ ಚುನಾವಣೆಯ’ ಎಂಬುದನ್ನು ಒತ್ತಿ ಹೇಳಬೇಕು. 2018ರ 87ನೇ ಮತಗಟ್ಟೆ 2023ರಲ್ಲಿ 91 ಆಗಿರಬಹುದು. ಮತದಾರರು ಹೆಚ್ಚಾದ ಕಡೆ ಹಳೆಯ ಸಂಖ್ಯೆಗೆ ‘ಎ’ ಸೇರಿಸಿ ಹೆಚ್ಚುವರಿ ಮತಗಟ್ಟೆ ಮಾಡುತ್ತಾರೆ, ಮುಂದಿನ ಪಟ್ಟಿಯಲ್ಲಿ ಅದಕ್ಕೇ ಪ್ರತ್ಯೇಕ ಸಂಖ್ಯೆ ಬಂದು ಕೆಳಗಿನವೆಲ್ಲ ಸರಿಯುತ್ತವೆ. ಒಂದು ಮತಗಟ್ಟೆಗೆ 1,500 ಮತದಾರರೆಂಬ ಮಿತಿಯನ್ನು ಆಯೋಗ 2025ರಲ್ಲಿ 1,200ಕ್ಕೆ ಇಳಿಸಿದೆ. ಹಾಗಾಗಿ ಮುಂದಿನ ಸಲ ಈ ಸರಿದಾಟ ಇನ್ನೂ ಜೋರಾಗಿರುತ್ತದೆ. ಸಂಖ್ಯೆಗೆ ಸಂಖ್ಯೆ ಹೊಂದಿಸಿ ಹೋಲಿಸಿದರೆ ಒಂದೂರಿನ ಮತ ಇನ್ನೊಂದೂರಿನ ಲೆಕ್ಕಕ್ಕೆ ಬೀಳುತ್ತದೆ. ಮೊತ್ತ ಸರಿಯಾಗಿಯೇ ಬರುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ರಿಜಿಸ್ಟರಿನ ಮೂಲ ಘಟಕ ಮತಗಟ್ಟೆಯ ಸಂಖ್ಯೆ ಆಗಬಾರದು. ಹಳ್ಳಿಯಲ್ಲಿ ಊರು ಇರಲಿ, ಒಂದೂರಿನ ಎಲ್ಲ ಮತಗಟ್ಟೆಗಳನ್ನು ಕೂಡಿಸಿ ಒಂದೇ ಸಾಲು ಮಾಡಿ. ಪಟ್ಟಣದಲ್ಲಿ ಶಾಲೆಯ ಕಟ್ಟಡ ಮತ್ತು ಅದಕ್ಕೆ ಸೇರಿದ ಓಣಿಗಳನ್ನು ಹಿಡಿಯಿರಿ. ಹುಬ್ಬಳ್ಳಿ-ಧಾರವಾಡದಲ್ಲಿ ವಾರ್ಡನ್ನು ಘಟಕ ಮಾಡಿಕೊಂಡವರು ಸಿಕ್ಕಿಬೀಳುತ್ತಾರೆ. 67 ಇದ್ದ ಪಾಲಿಕೆ ವಾರ್ಡುಗಳು 2021ರ ಚುನಾವಣೆಗೆ 82 ಆದವು, ಹಳೆಯ ವಾರ್ಡಿನ ಹೆಸರು ಹೊಸ ಗಡಿಗೆ ತಾಳೆಯಾಗುವುದಿಲ್ಲ. ಪ್ರತಿ ಸಾಲಿನಲ್ಲಿ ಊರು, ಹೋಬಳಿ, ಆಯಾ ವರ್ಷದ ಮತಗಟ್ಟೆ ಸಂಖ್ಯೆಗಳು, ಒಟ್ಟು ಮತದಾರರು, ಚಲಾಯಿಸಿದ ಮತ, ನೋಟಾ, ಮೊದಲ ಮೂವರ ಮತ ಇರಲಿ. ಈ ಮೂವರ ಕಾಲಂಗೆ ತಲೆಬರಹವಾಗಿ ವ್ಯಕ್ತಿಯ ಹೆಸರು ಬರಬೇಕು, ಪಕ್ಷ ಅದರ ಕೆಳಗೆ ಸಣ್ಣದಾಗಿ. ಸ್ಕ್ಯಾನ್ ಮಾಡಿದ ಪುಟದಿಂದ ಅಂಕಿ ಎತ್ತುವಾಗ 3 ಮತ್ತು 8, 1 ಮತ್ತು 7 ಅದಲುಬದಲಾಗುವುದು ಮಾಮೂಲು. ಪುಟದ ಕೊನೆಯ ಮೊತ್ತಕ್ಕೆ ಕೂಡಿಸಿ ನೋಡಿಯೇ ಮುಂದಿನ ಪುಟಕ್ಕೆ ಹೋಗಿ.

ಎಷ್ಟು ಹಿಂದಕ್ಕೆ ಹೋಗಬೇಕು? 2008 ಸಾಕು. ಈಗಿನ ಕ್ಷೇತ್ರಗಳ ಗಡಿಯಲ್ಲಿ ನಡೆದ ಮೊದಲ ವಿಧಾನಸಭಾ ಚುನಾವಣೆ ಅದು. ಅದಕ್ಕೂ ಮೊದಲಿನ ಹುಬ್ಬಳ್ಳಿ ಗ್ರಾಮೀಣದ ಅಂಕಿಯನ್ನು ಈಗಿನ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಕ್ಷೇತ್ರಕ್ಕೆ ಹೊಂದಿಸಲು ಹೋಗುವುದು ವ್ಯರ್ಥ.

ಲೋಕಸಭೆಯ ಅಂಕಿಯನ್ನು ಸೇರಿಸುವಾಗ ಈ ಭಾಗದಲ್ಲಿ ಎರಡು ಗುಂಡಿಗಳಿವೆ. ಹಾವೇರಿ ಲೋಕಸಭಾ ಕ್ಷೇತ್ರ ಎಂದರೆ ಹಾವೇರಿ ಜಿಲ್ಲೆ ಅಲ್ಲ. ಗದಗ, ರೋಣ, ಶಿರಹಟ್ಟಿ ಅದರೊಳಗೆ ಇವೆ, ಶಿಗ್ಗಾವಿ ಇಲ್ಲ. ಶಿಗ್ಗಾವಿ ಧಾರವಾಡ ಲೋಕಸಭೆಗೆ ಸೇರುತ್ತದೆ, ನರಗುಂದ ಬಾಗಲಕೋಟೆಗೆ. ಇದರಿಂದ ಒಂದು ವಿಚಿತ್ರವಿದೆ: 2024ರಲ್ಲಿ ಬಸವರಾಜ ಬೊಮ್ಮಾಯಿ ಅವರು ಹಾವೇರಿಯಿಂದ ಲೋಕಸಭೆಗೆ ನಿಂತರು, ಅವರು ನಾಲ್ಕು ಸಲ ಗೆದ್ದ ಶಿಗ್ಗಾವಿಯ ಯಾವ ಮತಗಟ್ಟೆಯ ಯಂತ್ರದಲ್ಲೂ ಅವರ ಹೆಸರಿರಲಿಲ್ಲ. ಅಲ್ಲಿನ ಬಿಜೆಪಿ ಮತ ಬಿದ್ದಿದ್ದು ಪ್ರಲ್ಹಾದ ಜೋಶಿ ಅವರಿಗೆ. ಆ ಅಂಕಿಯನ್ನು ‘ಬೊಮ್ಮಾಯಿ ಮತ’ ಎಂದು ಉಪಚುನಾವಣೆಗೆ ಹೋಲಿಸಿದರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ಕೆಟ್ಟಿತು.

ವ್ಯಕ್ತಿಯ ಮತ ವ್ಯಕ್ತಿಯ ಜತೆಗೇ ಹೋಗುತ್ತದೆ ಎಂಬ ಉಲ್ಟಾ ತಪ್ಪನ್ನೂ ಮಾಡಬೇಡಿ. ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ 2018ರಲ್ಲಿ 21 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಬಿಜೆಪಿಯಿಂದ ಗೆದ್ದಿದ್ದ ಜಗದೀಶ ಶೆಟ್ಟರ್ ಅವರು 2023ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಮಹೇಶ ಟೆಂಗಿನಕಾಯಿ ಅವರೆದುರು 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಹಿರೇಕೆರೂರಿನಲ್ಲಿ ನಡೆದದ್ದು ಇಲ್ಲಿ ನಡೆಯಲಿಲ್ಲ. ಎರಡರ ವ್ಯತ್ಯಾಸ ತಿಳಿಯಬೇಕಾದರೆ ಊರು-ಓಣಿ ಮಟ್ಟದ ಸಾಲುಗಳನ್ನೇ ನೋಡಬೇಕು, ಎಲ್ಲಿ ಮತ ಹೆಸರಿಗೆ ಅಂಟಿದೆ, ಎಲ್ಲಿ ಪಕ್ಷದ ಗುರುತಿಗೆ ಅಂಟಿದೆ ಎಂದು. ಕ್ಷೇತ್ರದ ಮೊತ್ತ ಇದನ್ನು ಹೇಳುವುದಿಲ್ಲ.

ಇನ್ನು ಬಂಡಾಯ. ಟಿಕೆಟ್ ಘೋಷಣೆಯಾದ ಕೂಡಲೇ ಕ್ಷೇತ್ರದ ಚಿತ್ರ ಸ್ಪಷ್ಟವಾಯಿತೆಂದು ಬರೆಯುವುದು ಅವಸರ. ಲೆಕ್ಕಕ್ಕೆ ಬರುವುದು ಪಕ್ಷ ತನ್ನ ಅಧಿಕೃತ ಅಭ್ಯರ್ಥಿಗೆ ಕೊಡುವ ಬಿ ಫಾರ್ಮ್, ಅದು ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಅದಕ್ಕೂ ಮೊದಲೇ ಬಂಡಾಯದ ವಾಸನೆ ಹಿಡಿಯಲು ಒಂದು ದಾರಿ ಇದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರ) ಸಾಕು, ಪಕ್ಷೇತರನಿಗೆ ಹತ್ತು ಮಂದಿ ಬೇಕು. ಒಬ್ಬರು ನಾಲ್ಕು ಸೆಟ್‌ವರೆಗೆ ನಾಮಪತ್ರ ಸಲ್ಲಿಸಬಹುದು. ಟಿಕೆಟ್ ಆಕಾಂಕ್ಷಿಯೊಬ್ಬರು ಪಕ್ಷದ ಹೆಸರಿನಲ್ಲಿ ಒಂದು ಸೆಟ್ ಕೊಟ್ಟು, ಹತ್ತು ಸೂಚಕರ ಸಹಿ ಹಾಕಿಸಿದ ಇನ್ನೊಂದು ಸೆಟ್ಟನ್ನೂ ಕೊಟ್ಟರೆ, ಬಿ ಫಾರ್ಮ್ ತಪ್ಪಿದರೂ ಕಣದಲ್ಲಿ ಇರುವ ತಯಾರಿ ಅದು. ಬಾಯಲ್ಲಿ ‘ಪಕ್ಷದ ತೀರ್ಮಾನಕ್ಕೆ ಬದ್ಧ’ ಎನ್ನುತ್ತಿದ್ದರೂ ಸರಿ. ಚುನಾವಣಾಧಿಕಾರಿ ಕಚೇರಿಯ ಸೂಚನಾ ಫಲಕವನ್ನು ದಿನಾ ಸಂಜೆ ನೋಡುವವರಿಗೆ ಇದು ಸಿಗುತ್ತದೆ. ನಾಮಪತ್ರ ವಾಪಸಿನ ದಿನದ ಮಧ್ಯಾಹ್ನ 3 ಗಂಟೆಯವರೆಗೂ ‘ತ್ರಿಕೋನ ಸ್ಪರ್ಧೆ’ ಎಂಬ ಪದವನ್ನು ತಲೆಬರಹಕ್ಕೆ ಏರಿಸದಿರುವುದು ಕ್ಷೇಮ.

ಮತದಾನದ ದಿನ ಬೆಳಿಗ್ಗೆ 9ರಿಂದ ಎರಡು ತಾಸಿಗೊಮ್ಮೆ ಬರುವ ಶೇಕಡಾವಾರು ಅಂದಾಜು ಮಾತ್ರ. ಸಂಜೆ 6ಕ್ಕೆ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಟ್ಟು ಮತ ಹಾಕಿಸುತ್ತಾರೆ. ಖಚಿತ ಅಂಕಿ ಇರುವುದು ಮತಗಟ್ಟೆ ಅಧ್ಯಕ್ಷಾಧಿಕಾರಿ ಪಕ್ಷಗಳ ಏಜೆಂಟರಿಗೆ ಕೊಡುವ ಫಾರ್ಮ್ 17ಸಿ ಪ್ರತಿಯಲ್ಲಿ, ಅಂದರೆ ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕಪತ್ರದಲ್ಲಿ. ಸಂಜೆ 5ರ ಅಂಕಿಗೂ ಮರುದಿನದ ಅಂಕಿಗೂ ಇರುವ ಅಂತರವನ್ನು ‘ಏರಿಕೆಯ ರಹಸ್ಯ’ ಮಾಡುವವರಿಗೆ ಸಂಜೆಯ ಈ ಸರತಿ ಸಾಲಿನ ವಿಷಯ ಗೊತ್ತಿರುವುದಿಲ್ಲ.

ರಿಜಿಸ್ಟರ್ ನಿಜವಾಗಿ ಕೆಲಸಕ್ಕೆ ಬರುವುದು ಎಣಿಕೆಯ ದಿನ. ಸಾಮಾನ್ಯವಾಗಿ ಒಂದು ಕ್ಷೇತ್ರಕ್ಕೆ 14 ಟೇಬಲ್, ಅಂದರೆ ಒಂದು ಸುತ್ತಿಗೆ 14 ಮತಗಟ್ಟೆ, ಅದೂ ಕ್ರಮಸಂಖ್ಯೆಯಂತೆ. ಕ್ಷೇತ್ರದಲ್ಲಿ 238 ಮತಗಟ್ಟೆ ಇವೆ ಎಂದುಕೊಳ್ಳಿ, 17 ಸುತ್ತು. 101ನೇ ಮತಗಟ್ಟೆ ಎಂಟನೇ ಸುತ್ತಿನ ಮೂರನೇ ಟೇಬಲ್‌ಗೆ ಬರುತ್ತದೆ. ಹಿಂದಿನ ದಿನವೇ ಹೊಸ ಮತಗಟ್ಟೆ ಪಟ್ಟಿ ಹಿಡಿದು ಯಾವ ಸುತ್ತಿನಲ್ಲಿ ಯಾವ ಹೋಬಳಿ ತೆರೆಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಕಳೆದ ಸಲ ಆ ಊರುಗಳಲ್ಲಿ ಯಾರಿಗೆ ಎಷ್ಟು ಲೀಡ್ ಇತ್ತು ಎಂಬುದನ್ನು ಹಾಕಿಡಿ. ಮೂರನೇ ಸುತ್ತಿಗೆ ಒಬ್ಬರು ನಾಲ್ಕು ಸಾವಿರ ಮುಂದಿದ್ದಾರೆ ಎಂಬುದರಿಂದ ಏನೂ ತಿಳಿಯದು. ಕಳೆದ ಸಲ ಅದೇ ಊರುಗಳಲ್ಲಿ ಅವರು ಏಳು ಸಾವಿರ ಮುಂದಿದ್ದರೆ ಈಗ ಅವರು ಸೋಲುವ ದಾರಿಯಲ್ಲೂ ಇರಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದ ಹೊರಗೆ ಪಟಾಕಿ ಹಚ್ಚುವವರು ಮೊತ್ತವನ್ನಷ್ಟೇ ನೋಡುತ್ತಾರೆ, ಡೆಸ್ಕ್ ಆ ಹಾಳೆಯನ್ನು ನೋಡಬೇಕು.

ಅಂತರ ಸಣ್ಣದಿದ್ದ ಕಡೆ ಕೊನೆಯ ಸುತ್ತು ಮುಗಿದರೂ ಫಲಿತಾಂಶ ಮುಗಿದಿರುವುದಿಲ್ಲ. 2018ರಲ್ಲಿ ಕುಂದಗೋಳ 634 ಮತಕ್ಕೆ, ಗದಗ 1,868ಕ್ಕೆ ತೀರ್ಮಾನವಾದವು. ಇನ್ನೂರು ಮತಗಟ್ಟೆ ಎಂದು ಹಿಡಿದರೆ ಕುಂದಗೋಳದ್ದು ಮತಗಟ್ಟೆಗೆ ಮೂರು ಮತ. ಮತದಾನಕ್ಕೆ ಮೊದಲು ಯಂತ್ರ ಪರೀಕ್ಷಿಸಲು ಹಾಕಿದ ಅಣಕು ಮತ ಅಳಿಸಲು ಮರೆತ ಯಂತ್ರವನ್ನು ಬದಿಗಿಡುತ್ತಾರೆ, ಗೆಲುವಿನ ಅಂತರ ಆ ಮತಗಟ್ಟೆಯ ಒಟ್ಟು ಮತಕ್ಕಿಂತ ಕಡಿಮೆಯಾದರೆ ಅದರ ವಿವಿಪ್ಯಾಟ್ ಚೀಟಿಗಳನ್ನು (ಪ್ರತಿ ಮತಕ್ಕೂ ಯಂತ್ರದ ಜತೆ ಮುದ್ರಣವಾಗುವ ಚೀಟಿ) ಎಣಿಸುತ್ತಾರೆ. ಇದಲ್ಲದೆ ಲಾಟರಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ಚೀಟಿ ಎಣಿಕೆ ಪ್ರತಿ ಕ್ಷೇತ್ರದಲ್ಲೂ ಇದ್ದೇ ಇರುತ್ತದೆ. ಅಂತರಕ್ಕಿಂತ ತಿರಸ್ಕೃತ ಅಂಚೆ ಮತಗಳೇ ಹೆಚ್ಚಿದ್ದರೆ ಅವೆಲ್ಲವನ್ನೂ ಚುನಾವಣಾಧಿಕಾರಿ ಘೋಷಣೆಗೆ ಮೊದಲು ಮರುಪರಿಶೀಲಿಸಬೇಕು. ಹಾಗಾಗಿ ಇಂಥ ಕ್ಷೇತ್ರದಲ್ಲಿ ಎಣಿಕೆ ಕೇಂದ್ರದ ಪ್ರತಿನಿಧಿ ಫೋನ್ ಮಾಡಿದಾಗ ಡೆಸ್ಕ್ ಕೇಳಬೇಕಾದ್ದು ಮೂರು: ಬದಿಗಿಟ್ಟ ಯಂತ್ರ ಎಷ್ಟು, ತಿರಸ್ಕೃತ ಅಂಚೆ ಮತ ಎಷ್ಟು, ಗೆದ್ದವರ ಕೈಗೆ ಪ್ರಮಾಣಪತ್ರ ಬಂತೋ ಇಲ್ಲವೋ.