ಎಲ್ಲರೂ ಮಲಗಿದ್ರಲ್ಲ

“ನೋವು ಯಾವಾಗಿಂದಮ್ಮಾ?”
“ಮೊನ್ನೆ ರಾತ್ರಿಯಿಂದ.”
“ಆಗಲೇ ಯಾಕೆ ಹೇಳಲಿಲ್ಲ?”
“ಎಲ್ಲರೂ ಮಲಗಿದ್ರಲ್ಲ ಡಾಕ್ಟ್ರೇ.”

ಈ ವಾರವೆಲ್ಲ ದೊಡ್ಡಮ್ಮನ ಈ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಕಣ್ಣಿನ ಪೊರೆ ಆಪರೇಷನ್ ಆಗಿ ಇನ್ನೂ ವಾರ ತುಂಬಿರಲಿಲ್ಲ. ಕಟ್ಟು ಬಿಚ್ಚಿದ ದಿನ ಗೋಡೆಯ ಕ್ಯಾಲೆಂಡರ್ ಓದಿ ಹೇಳಿದವರಿಗೆ ಈಗ ಎದುರಿಗೆ ಹಿಡಿದ ಕೈಯೂ ಮಸುಕು. ಕಣ್ಣು ಕೆಂಪಗಾಗಿತ್ತು, ಕರಿಗುಡ್ಡೆಯ ಕೆಳಗಡೆ ಕೀವು ಬಿಳಿ ಗೆರೆಯಾಗಿ ನಿಂತಿತ್ತು.

ಕಣ್ಣಿನ ಒಳಗೇ ಸೋಂಕು, ಈಗಲೇ ಇಂಜೆಕ್ಷನ್ ಹಾಕಬೇಕು ಎಂದರು ಡಾಕ್ಟರ್. ಹಾಕುವುದೂ ಕಣ್ಣಿಗೇ! ನಮ್ಮ ಭಾವ ಸುಮ್ನಿರುವವರಲ್ಲ, ಫೋನ್ ನೋಡಿಯೇ ಅರ್ಧ ಡಾಕ್ಟರ್ ಆದವರು. “ಸ್ಟ್ರಾಂಗಾಗಿರೋ ಮಾತ್ರೆ ಕೊಟ್ರೆ ಸಾಲದಾ ಸಾರ್?” ಎಂದರು. ರಕ್ತಕ್ಕೆ ಸೇರಿದ ಔಷಧಿ ಕಣ್ಣಿನ ಒಳಭಾಗಕ್ಕೆ ಬೇಕಾದಷ್ಟು ಇಳಿಯುವುದಿಲ್ಲವಂತೆ. ನರಕ್ಕೆ ಆಂಟಿಬಯೋಟಿಕ್ ಏರಿಸಿದರೂ ದೃಷ್ಟಿಗೆ ಹೆಚ್ಚಿನ ಲಾಭವಿಲ್ಲ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1995ರಲ್ಲೇ ಹೇಳಿದೆ. ಕಣ್ಣೊಳಗಿನ ದ್ರವ ತೆಗೆದು ಲ್ಯಾಬಿಗೆ ಕಳಿಸಿದರು. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗುವ ತನಕ ಕಾಯುವ ಹಾಗಿಲ್ಲ. ಅದಕ್ಕೇ ವ್ಯಾಂಕೊಮೈಸಿನ್, ಸೆಫ್ಟಾಜಿಡೈಮ್ ಅನ್ನೋ ಎರಡು ಆಂಟಿಬಯೋಟಿಕ್‌ಗಳನ್ನೂ ಹಾಕಿದರು. ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯಲಿ ಅಂತ. ವ್ಯಾಂಕೊಮೈಸಿನ್ ಬಾಟಲಿಯಲ್ಲಿ 500 ಮಿಲಿಗ್ರಾಂ, ಕಣ್ಣಿಗೆ ಹೋಗಿದ್ದು ಬರೀ 1 ಮಿಲಿಗ್ರಾಂ. ಮಿಕ್ಕಿದ್ದು ದಂಡವಾಯ್ತಲ್ಲ ಅಂತ ಭಾವನಿಗೆ ಸಂಕಟ.

ನನಗೆ ಸಿಟ್ಟು ಬಂದದ್ದು ಡಿಸ್ಚಾರ್ಜ್ ಚೀಟಿ ನೋಡಿ. ನೋವು, ಕೆಂಪು, ಮಸುಕು ಕಂಡರೆ ತಕ್ಷಣ ಬನ್ನಿ ಎಂದು ಅದರಲ್ಲಿ ಇದೆ. ಇರುವುದು ಇಂಗ್ಲಿಷಿನಲ್ಲಿ. ದೊಡ್ಡಮ್ಮ ಓದಿದ್ದು ಕನ್ನಡ ಶಾಲೆಯ ಏಳನೇ ಕ್ಲಾಸು.

ಕನ್ನಡದಲ್ಲಿದ್ದರೂ ಅವರು ಯಾರನ್ನಾದರೂ ಎಬ್ಬಿಸುತ್ತಿದ್ದರಾ? ಅನುಮಾನ. ದೊಡ್ಡಪ್ಪನಿಗೆ ಗ್ಯಾಸ್ ಆದರೆ ನಡುರಾತ್ರಿ ಇಡೀ ಮನೆಯ ದೀಪ ಹತ್ತುತ್ತದೆ, ಜೀರಿಗೆ ನೀರು ಕುದಿಯುತ್ತದೆ. ಕುದಿಸುವುದು ದೊಡ್ಡಮ್ಮ. ಹೆರಿಗೆ, ಮಂಡಿನೋವು, ಹಲ್ಲುನೋವು ಎಲ್ಲವನ್ನೂ ಬಾಯಿ ಬಿಡದೆ ಕಳೆದವರು. ಅದನ್ನೇ ನಾವೆಲ್ಲ ದೊಡ್ಡ ಗುಣ ಅಂತ ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದ್ದೇವೆ.

ಈಗ ಬೆರಳು ಎಣಿಸುವಷ್ಟು ಕಾಣುತ್ತಿದೆ. ಪೂರ್ತಿ ಬರುತ್ತೋ ಇಲ್ವೋ, ಡಾಕ್ಟರ್ ಮಾತು ಕೊಟ್ಟಿಲ್ಲ. ನಿನ್ನೆ ನೋಡಲು ಬಂದ ಪಕ್ಕದ ಮನೆಯಾಕೆ, “ಒಂದು ಸಲವೂ ನರಳಲಿಲ್ವಂತೆ, ಭೂಮಿತಾಯಿ ಕಣ್ರೀ ನೀವು” ಎಂದರು. ದೊಡ್ಡಮ್ಮನ ಮುಖ ಅರಳಿತು. ಕಾಫಿ ಕೊಡದೆ ಕಳಿಸೋಣ ಅನ್ನಿಸಿತು ನನಗೆ.